ಗಿಡಕ್ಕೆ ತಂದ ದೀಪ

ಮದರ್‌ವೆಲ್, ಪೋರ್ಟ್ ಎಲಿಜಬೆತ್, ದಕ್ಷಿಣ ಆಫ್ರಿಕಾ
೧೨ ಮಾರ್ಚ್ ೨೦೨೩

ಅಪ್ಪನಿಗೆ,

ನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮವೇ ಎಂದು ಕೇಳಿ ಶುರು ಮಾಡಬೇಕು. ಜೈಲಿನಲ್ಲಿರುವವರನ್ನು ಹಾಗೆ ಕೇಳುವುದು ಹೇಗೆಂದು ನನಗೆ ಗೊತ್ತಿಲ್ಲ, ಇಲ್ಲಿಂದ ಕ್ಷೇಮ ಎಂದು ಬರೆಯುವ ಹಾಗೂ ಇಲ್ಲ. ಜನವರಿಯಲ್ಲಿ ಅವ್ವನನ್ನು ಊರಿನಿಂದ ನನ್ನ ಮನೆಗೆ ಕರೆತಂದೆ. ಎದೆಯ ಗಡ್ಡೆ ಎಲುಬಿಗೆ ಇಳಿದಿದೆ, ಇನ್ನು ಗುಣವಾಗುವುದಿಲ್ಲ, ನೋವು ಕಡಿಮೆ ಮಾಡಬಹುದು ಅಷ್ಟೆ ಎಂದು ಡಾಕ್ಟರು ಹೇಳಿದರು. ಅವರು ಕೊಟ್ಟ ಸಿರಪ್ ಕುಡಿದರೆ ಅವ್ವ ವಾಂತಿ ಮಾಡಿಕೊಳ್ಳುತ್ತಾಳೆ, ಗೋಡೆಯ ಮೇಲೆ ಇಲ್ಲದ ಹುಳುಗಳನ್ನು ಕಾಣುತ್ತಾಳೆ. ಈಗ ಚಮಚ ಕಂಡರೆ ಬಾಯಿಯನ್ನೇ ತೆರೆಯುವುದಿಲ್ಲ.

ಅವಳು ಕೇಳುವುದು ನಿಮ್ಮ ಗಾಂಜಾ ಸೊಪ್ಪನ್ನು. "ನಿಮ್ಮಪ್ಪನ ಗಿಡದ ಕಷಾಯ ಒಂದು ಲೋಟ ಕೊಟ್ರೆ ನಂಗೆ ನಿದ್ದೆ ಬರತ್ತೆ ಕಣೇ" ಅನ್ನುತ್ತಾಳೆ. ನಾನು ಚರ್ಚಿನ ಹೆಂಗಸರ ಸಭೆಯ ಕೆಂಪು ಅಂಗಿ ತೊಟ್ಟು ಪ್ರಾರ್ಥನೆಗೆ ಹೋಗುವವಳು. ಆದರೂ ಹೋಗಿ ಬೀದಿಯಲ್ಲಿ ಕೊಂಡು ತಂದೆ. ಅದಕ್ಕೆ ಏನು ಸಿಂಪಡಿಸಿದ್ದರೋ, ಅವ್ವ ಎರಡು ದಿನ ನಡುಗಿದಳು.

ಹಾಗಾಗಿ ನಾನೇ ಬೆಳೆಯುತ್ತೇನೆ. ಮನೆಯೊಳಗೆ, ನಮ್ಮ ಮಟ್ಟಿಗೆ ಬೆಳೆದುಕೊಂಡರೆ ಈಗ ಕಾನೂನಿನಲ್ಲಿ ತಪ್ಪಲ್ಲ, ಹೊರಗಿನವರ ಕಣ್ಣಿಗೆ ಬೀಳಬಾರದು. ಹಿಂದಿನ ಕೋಣೆ ಖಾಲಿಯಿದೆ. ಮಣ್ಣಿನ ಬದಲು ಬಕೆಟ್ಟಿನ ನೀರಿನಲ್ಲಿ ಬೇರು ಬಿಟ್ಟರೆ ಬೇಗ ಬರುತ್ತದಂತೆ. ನನಗೆ ಬೇಗ ಬೇಕು. ಬೀಜವನ್ನು ಅವ್ವ ಶಾಲಿನ ಗಂಟಿನಲ್ಲಿ ತಂದಿದ್ದಾಳೆ. ಯಾವ ದೀಪ ಹಾಕಬೇಕು, ಎಷ್ಟು ಹೊತ್ತು ಉರಿಸಬೇಕು, ಇಷ್ಟು ಬರೆದು ಕಳಿಸಿ. ಬೇರೇನೂ ಬರೆಯುವುದು ಬೇಡ.

ನೊಜುಕೊ

ಜೈಲಿನಿಂದ
೨೯ ಮಾರ್ಚ್

ಮಗಳೇ ನೊಜುಕೊ,

ಬೇರೇನೂ ಬರೆಯಬೇಡಿ ಎಂದಿದ್ದೀಯ. ಹಾಳೆಗೆ ಎರಡು ಮಗ್ಗುಲು ಇರುವಾಗ ಒಂದನ್ನು ಖಾಲಿ ಬಿಡಲು ನನಗೆ ಮನಸ್ಸು ಬರುವುದಿಲ್ಲ, ಕ್ಷಮಿಸು. ನಿನ್ನ ಪತ್ರವನ್ನು ವಾರ್ಡರ್ ಮಕಾಲಿಮಾ ಮೊದಲು ಓದಿ ನನಗೆ ಕೊಟ್ಟ, ಕೊಡುವಾಗ ಟೋಪಿ ತೆಗೆದ. ಆಗಲೇ ನನಗೆ ವಿಷಯ ಗೊತ್ತಾಯಿತು.

ಶಾಲೆಯಲ್ಲಿ ನಿನ್ನ ಅಪ್ಪ ಗಣಿಯಲ್ಲಿ ಸತ್ತ ಎಂದು ಹೇಳಿಕೊಂಡಿದ್ದೀಯ ಅಂತ ನಿನ್ನವ್ವ ಒಮ್ಮೆ ಬಾಯಿ ತಪ್ಪಿ ಹೇಳಿದ್ದಳು. ಅದಕ್ಕೆ ನನಗೆ ಸಿಟ್ಟಿಲ್ಲ. ಟೀಚರಾಗಲು ಓದಿದ್ದು ಆ ಸೊಪ್ಪಿನ ದುಡ್ಡಿನಲ್ಲೇ ಎಂದು ಯಾರೂ ಹೇಳಿಕೊಳ್ಳುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುವವರ ಸಾಲಿನಲ್ಲಿ ನೀನೂ ನಿಂತಿದ್ದೆ, ಈಗ ಅದೇ ಗಿಡ ಕೇಳುತ್ತಿದ್ದೀಯ. ಇಷ್ಟು ಚುಚ್ಚಿದ್ದು ಸಾಕು. ನಾನು ಗೋಣಿಯಲ್ಲಿ ತುಂಬಿ ಲಾರಿಗೆ ಹಾಕಿದೆ, ಎರಡನೇ ಸಲ ಸಿಕ್ಕಿಬಿದ್ದೆ, ಎಂಟು ವರ್ಷ ಹಾಕಿದರು. ಅದು ನನ್ನ ಪಾಲು.

ದೀಪದ ವಿಷಯ ನನಗೇನೂ ಗೊತ್ತಿಲ್ಲ. ನಮ್ಮ ಕಣಿವೆಯಲ್ಲಿ ಸೂರ್ಯನನ್ನು ಅಂಗಡಿಯಿಂದ ತಂದವರಿಲ್ಲ. ಮಕಾಲಿಮಾ ಹೇಳುವ ಪ್ರಕಾರ ಪೇಟೆಯಲ್ಲಿ ಅದಕ್ಕೇ ಒಂದು ಅಂಗಡಿ ಇದೆಯಂತೆ. ಹೋಗಿ ಕೇಳು, ಅವರು ಹೇಳಿದ್ದನ್ನು ನನಗೆ ಬರೆ, ಗಿಡಕ್ಕೆ ಹೊಂದುತ್ತದೋ ಇಲ್ಲವೋ ನಾನು ಹೇಳುತ್ತೇನೆ.

ನನ್ನ ಮಾಖ್ವಾಲೊ, ನಿನ್ನವ್ವ, ಮೊಸರು ಕಲಸಿದ ಜೋಳದ ಹಿಟ್ಟಾದರೂ ತಿನ್ನುತ್ತಾಳೆಯೇ? ಅವಳ ಕಾಲು ಯಾವಾಗಲೂ ತಣ್ಣಗಿರುತ್ತದೆ. ಕಾಲುಚೀಲ ಎರಡೆರಡು ಹಾಕು.

ನಿನ್ನ ಅಪ್ಪ
ಝೋಲಿಲೆ

ಮದರ್‌ವೆಲ್
೧೬ ಏಪ್ರಿಲ್

ಅಪ್ಪನಿಗೆ,

ಅಂಗಡಿಗೆ ಹೋಗಿದ್ದೆ. ಅವ್ವನೂ ಬರುತ್ತೇನೆಂದು ಹಟ ಹಿಡಿದು ಬಂದಳು, ಟ್ಯಾಕ್ಸಿ ಇಳಿದ ಮೇಲೆ ಎರಡು ಕಡೆ ಕೂತು ಸುಧಾರಿಸಿಕೊಂಡಳು. ಅಂಗಡಿಯವನ ಹೆಸರು ಡಿಯೋನ್. ಒಳ್ಳೆಯ ಮಾತುಗಾರ. ಮೂರು ದೀಪ ತೋರಿಸಿದ.

ಮೊದಲನೆಯದು ಚಿಕ್ಕದು, ಅಗ್ಗದ್ದು, ನೇರಳೆ ಬೆಳಕು. ಅದರ ಕೆಳಗೆ ಎಲೆಯೆಲ್ಲ ಕಪ್ಪಾಗಿ ಕಾಣುತ್ತದೆ, ರೋಗ ಬಂದರೂ ತಿಳಿಯುವುದಿಲ್ಲ. "ಇದು ಹೆಂಡದಂಗಡಿ ದೀಪ, ಮನೇಲಿ ಬೇಡ" ಅಂದಳು ಅವ್ವ. ಎರಡನೆಯದು ಹಳೇ ಬೀದಿದೀಪದಂಥ ಹಳದಿ ಬಲ್ಬು. ಅದಕ್ಕೊಂದು ಭಾರದ ಕಬ್ಬಿಣದ ಪೆಟ್ಟಿಗೆ ಬೇರೆ. ಬೆಳಕು ಬಲವಾದದ್ದು, ಕಾವೂ ಬಹಳ, ಮುಂಗಡ ದುಡ್ಡು ಕಟ್ಟಿ ಮೀಟರಿಗೆ ಹಾಕಿಸಿದ ತಿಂಗಳ ಕರೆಂಟನ್ನು ಮೂರು ದಿನದಲ್ಲಿ ಕುಡಿದು ಮುಗಿಸುತ್ತದೆ. ಲೋಡ್ ಶೆಡ್ಡಿಂಗ್ ಬಂದರೆ ಅದನ್ನು ಎಳೆಯುವ ಬ್ಯಾಟರಿ ನಮ್ಮಂಥವರ ಬಳಿ ಇರುವುದಿಲ್ಲ. ಮೂರನೆಯದು ಚಪ್ಪಟೆ ಹಲಗೆಯಂಥ ಬಿಳಿ ಎಲ್ಇಡಿ. ದುಬಾರಿ, ಆದರೆ ತಣ್ಣಗಿರುತ್ತದೆ, ಸಣ್ಣ ಬ್ಯಾಟರಿಯಲ್ಲೂ ಎರಡೂವರೆ ಗಂಟೆ ಉರಿಯುತ್ತದೆ. ದಿನಕ್ಕೆ ಮೂರು ಸಲ ಕರೆಂಟ್ ಹೋಗುವ ಈ ಊರಿಗೆ ಅದೇ ಸರಿ ಎಂದು ಡಿಯೋನ್ ಕೂಡ ಒಪ್ಪಿದ.

ನಾವು ಮಾತಾಡುವಾಗ ಅವ್ವ ಹಳದಿ ದೀಪದ ಕೆಳಗೆ ಹೋಗಿ ಬೆನ್ನು ಕೊಟ್ಟು ನಿಂತಿದ್ದಳು. ಶಾಲನ್ನೂ ಇಳಿಸಿದ್ದಳು. "ಇದನ್ನೇ ತಗೊಳ್ಳೇ" ಅಂದಳು. ನಾನು, "ಅವ್ವ, ದೀಪ ಗಿಡಕ್ಕೆ, ನಿನಗಲ್ಲ" ಅಂದೆ. ಡಿಯೋನ್ ನಕ್ಕ. ಅವಳೂ ನಕ್ಕಳು.

ಬಿಳಿಯದನ್ನು ತಂದೆ. ನಾಲ್ಕು ಬಕೆಟ್ಟು, ನಾಲ್ಕು ಸಸಿ, ಬೇರಿಗೆ ಗಾಳಿ ಊದುವ ಒಂದು ಪಂಪು. ಕಿಟಕಿಗೆ ಕಪ್ಪು ಪ್ಲಾಸ್ಟಿಕ್ ಹೊಡೆದಿದ್ದೇನೆ. ಹೂವಿಗೆ ಬಿಡುವಾಗ ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲು ಎಂದಿದ್ದಾನೆ. ರಾತ್ರಿ ಚಳಿಗೆ ದೀಪದ ಅಷ್ಟಿಷ್ಟು ಬಿಸಿಯಾದರೂ ಇರಲಿ ಎಂದು ಸಂಜೆ ಏಳರಿಂದ ಬೆಳಗ್ಗೆ ಏಳರವರೆಗೆ ಉರಿಸುತ್ತೇನೆ. ನಾನು ಶಾಲೆಯಲ್ಲಿರುವಾಗ ಗಿಡಕ್ಕೆ ರಾತ್ರಿ. ಸರಿಯೇ?

ನೊಜುಕೊ

ಜೈಲಿನಿಂದ
೭ ಮೇ

ಮಗಳೇ,

ನಿನ್ನ ಪತ್ರ ಬರಲು ಹದಿನೆಂಟು ದಿನ ಹಿಡಿಯಿತು. ಗೋಡೆಯ ಫೋನು ಜನವರಿಯಿಂದ ಕೆಟ್ಟು ಕೂತಿದೆ. ಇಡೀ ಬ್ಲಾಕಿಗೆ ಈಗ ನಿನ್ನ ದೀಪದ್ದೇ ಚರ್ಚೆ. ಮಕಾಲಿಮಾ ಬೆಳಗಿನ ಎಣಿಕೆಗೆ ಬಂದಾಗ "ಮುದುಕಪ್ಪಾ, ಮಗಳು ಯಾವ ಬಣ್ಣದ ಸೂರ್ಯನ್ನ ತಗೊಂಡಳು?" ಎಂದು ಕೇಳುತ್ತಾನೆ.

ಬಿಳಿ ದೀಪ ಸರಿ. ಎಲೆಗೆ ಚೆನ್ನಾಗಿ ಬರುತ್ತದೆ. ಆದರೆ ನೀನು ಬೆಳಕಿನ ಬಗ್ಗೆ ಮೂರು ಪುಟ ಬರೆದೆ, ಕತ್ತಲೆಯ ಬಗ್ಗೆ ಒಂದು ಸಾಲು. ಗಿಡ ಬೆಳೆಯುವುದು ಬೆಳಕಿನಲ್ಲಿ, ಹೂ ಬಿಡುವುದು ಕತ್ತಲೆಯಲ್ಲಿ. ದೀರ್ಘ ರಾತ್ರಿ ಬಂತು, ಇನ್ನು ತಡಮಾಡಬಾರದು ಎಂದು ಗೊತ್ತಾದಾಗ ಮಾತ್ರ ಅದು ಹೂವಿಗೆ ಮನಸ್ಸು ಮಾಡುತ್ತದೆ. ರಾತ್ರಿಯ ನಡುವೆ ಬೆಳಕು ಬಿದ್ದರೆ ಗಾಬರಿಯಾಗುತ್ತದೆ. ಹೆಣ್ಣು ಗಿಡವೇ ಗಂಡು ಹೂ ಬಿಟ್ಟು ತನಗೆ ತಾನೇ ಬೀಜ ಕಟ್ಟಿಕೊಳ್ಳುತ್ತದೆ. ಬೀಜ ಕಟ್ಟಿದರೆ ಮದ್ದಿನ ಸತ್ವವೆಲ್ಲ ಬೀಜಕ್ಕೇ ಹೋಯಿತು. ಸೂಜಿಮೊನೆಯಷ್ಟೂ ಬೆಳಕು ಬೇಡ. ಬಾಗಿಲ ಕೆಳಗೆ ಬಟ್ಟೆ ತುರುಕು.

ಇದು ನನಗೆ ಈಗ ಮೊದಲಿಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಇಲ್ಲಿ ಮೂವತ್ತೆಂಟು ಜನರ ಕೋಣೆಯಲ್ಲಿ ರಾತ್ರಿಯಿಡೀ ದೀಪ ಆರಿಸುವುದಿಲ್ಲ. ಕರೆಂಟ್ ಹೋದರೂ ಜನರೇಟರ್ ಇದೆ. ಕತ್ತಲೆ ನೋಡಿ ನನಗೆ ನಾಲ್ಕು ವರ್ಷವಾಯಿತು.

ನಿನ್ನವ್ವನನ್ನು ನಾನು ಕೇಳಿದೆ ಎಂದು ಹೇಳು. ನಾನು ಏನು ಕೇಳಿದೆ ಎಂದು ಅವಳಿಗೆ ಗೊತ್ತಿರುತ್ತದೆ.

ಅಪ್ಪ

ಮದರ್‌ವೆಲ್
೧೧ ಜೂನ್

ಅಪ್ಪನಿಗೆ,

ಹೂ ಬಂದಿದೆ. ನಾಲ್ಕೂ ಹೆಣ್ಣು. ಬಿಳಿ ಕೂದಲಿನಂಥ ಎಳೆಗಳು ತುದಿತುದಿಗೆ ಕಾಣಿಸಿವೆ. ನೀವು ಹೇಳಿದಂತೆ ಬಾಗಿಲ ಸಂದಿಗೆಲ್ಲ ಬಟ್ಟೆ ತುರುಕಿದ್ದೇನೆ. ಕೋಣೆಯ ವಾಸನೆ ಅಂಗಳದವರೆಗೆ ಬರುತ್ತದೆ. ಗುರುವಾರ ಸಭೆಯ ಹೆಂಗಸರು ಅವ್ವನಿಗಾಗಿ ಪ್ರಾರ್ಥಿಸಲು ಬಂದಿದ್ದರು, ಹೋಗುವಾಗ ಎಲ್ಲರಿಗಿಂತ ಹಿರಿಯಳು ನನ್ನ ಕಿವಿಯಲ್ಲಿ, "ಆದಾಗ ನನ್ನ ಮಂಡಿಗೂ ಸ್ವಲ್ಪ ಎತ್ತಿಡವ್ವ" ಅಂದಳು. ನನಗೆ ನಾಚಿಕೆಯೂ ಆಯಿತು, ನಗುವೂ ಬಂತು.

ಅವ್ವ ಮೂಳೆ ಚಕ್ಕಳವಾಗಿದ್ದಾಳೆ. ನೋವು ಬಂದಾಗ ಕೂಗುವುದಿಲ್ಲ, ಹೊದಿಕೆಯ ಅಂಚನ್ನು ಕಚ್ಚುತ್ತಾಳೆ, ಹೊದಿಕೆ ತೂತಾಗಿದೆ. ಯಾವಾಗಲೂ ಚಳಿ ಅನ್ನುತ್ತಾಳೆ. ಹಗಲು ಕರೆಂಟ್ ಹೋದಾಗ ಹೆದರದಿರಲಿ ಎಂದು ಅವಳ ಕೋಣೆಗೆ ತಾನಾಗಿ ಹೊತ್ತಿಕೊಳ್ಳುವ ಚಾರ್ಜಿನ ಬಲ್ಬು ತಂದು ಹಾಕಿದೆ. ಅದನ್ನು ಕಳಚಿ ಬುಡವನ್ನು ಅಂಗೈಯಲ್ಲಿ ಒತ್ತಿ ಹಿಡಿದರೂ ಉರಿಯುತ್ತದೆ. ಅವ್ವನಿಗೆ ಅದೊಂದು ಆಟವಾಗಿದೆ. "ನೋಡೇ, ನನ್ನ ಮೈಯಲ್ಲಿ ಇನ್ನೂ ಕರೆಂಟಿದೆ" ಅನ್ನುತ್ತಾಳೆ.

ಇನ್ನು ಆರೇಳು ವಾರ. ಅಷ್ಟು ದಿನ ತಡೆದುಕೊಂಡರೆ ಸಾಕು. ನೀವು ಕೇಳಿದಿರಿ ಎಂದು ಹೇಳಿದೆ. ಗೋಡೆ ಕಡೆ ತಿರುಗಿ ಮಲಗಿದಳು.

ನೊಜುಕೊ

ಮದರ್‌ವೆಲ್
೯ ಜುಲೈ

ಝೋಲಿಲೆಯವರಿಗೆ,

ಬೀಜ ಕಟ್ಟಿದೆ. ನಾಲ್ಕರಲ್ಲೂ. ಇವತ್ತು ಒಂದು ಹೂ ಬಿಡಿಸಿ ನೋಡಿದೆ, ಒಳಗೆಲ್ಲ ಹಸಿರು ಬೀಜ. ಎಲೆಯ ಬುಡದಲ್ಲಿ ಬಾಳೆಹಣ್ಣಿನ ಗೊನೆಯಂಥ ಹಳದಿ ಗಂಡು ಹೂಗಳು. ಡಿಯೋನ್‌ಗೆ ಫೋಟೋ ಕಳಿಸಿದೆ. ಬೆಳಕು ಸೋರಿರಬೇಕು, ಇಲ್ಲವೇ ಬೀಜದ ವಂಶವೇ ಸರಿಯಿಲ್ಲ ಅಂದ. ನನ್ನ ಕೋಣೆಯಲ್ಲಿ ಬೆಳಕು ಸೋರುವುದಿಲ್ಲ. ನಾನು ಕತ್ತಲೆಯಲ್ಲಿ ಒಳಗೆ ಅರ್ಧ ಗಂಟೆ ಕೂತು ಪರೀಕ್ಷಿಸಿದ್ದೇನೆ, ನನ್ನ ಕೈ ನನಗೇ ಕಾಣಲಿಲ್ಲ.

ಹಾಗಾದರೆ ಬೀಜದ್ದೇ ದೋಷ, ನಿಮ್ಮ ಬೀಜದ್ದು. ನಿಮ್ಮಿಂದ ಈ ಮನೆಗೆ ಬಂದದ್ದರಲ್ಲಿ ಕೊನೆಗೆ ಕೆಡದೆ ಉಳಿದದ್ದು ಯಾವುದಿದೆ? ಅವಳಿಗೆ ಬೇಕಾಗಿದ್ದಾಗ ನೀವಿಲ್ಲ. ನಿಮ್ಮ ಗಿಡವೂ ಇಲ್ಲ. ಇನ್ನು ಬರೆಯುವುದಕ್ಕೆ ನನ್ನಲ್ಲಿ ಏನೂ ಉಳಿದಿಲ್ಲ.

ನೊಜುಕೊ

ಜೈಲಿನಿಂದ
೨೮ ಜುಲೈ

ಮಗಳೇ,

ಬಯ್ದಿದ್ದೀಯ, ಸರಿ. ಅದರಲ್ಲಿ ಹೆಚ್ಚಿನದು ನಿಜ. ಬೀಜದ ಮಾತೊಂದು ನಿಜವಲ್ಲ. ಅದು ನನ್ನ ಅಜ್ಜಿಯ ಕಾಲದ ಬೀಜ. ಗಿಡದ ರಾತ್ರಿಯಲ್ಲಿ ಯಾರೋ ಒಳಗೆ ದೀಪ ತರುತ್ತಿದ್ದಾರೆ. ಹಗಲು ನಿನ್ನ ಮನೆಯಲ್ಲಿ ಯಾರಿರುತ್ತಾರೆ ಎಂದು ಯೋಚಿಸು.

ಮೊದಲ ಸಲ ನನ್ನನ್ನು ಹಿಡಿದಾಗ ನೀನು ಹಾಲು ಕುಡಿಯುವ ಕೂಸು. ಏಳು ತಿಂಗಳಿಗೆ ಬಿಟ್ಟರು. ಬಂದು ನೋಡುತ್ತೇನೆ, ಹೊಲದ ನಡುವೆ ಒಂದು ಕಡೆ ದುಂಡಗೆ ಗಿಡಗಳು ಹೂವೇ ಬಿಟ್ಟಿಲ್ಲ, ಬಿಟ್ಟವೆಲ್ಲ ಬೀಜ. ದಿನಾ ರಾತ್ರಿ ನಿನ್ನವ್ವ ಲಾಟೀನು ಹಿಡಿದುಕೊಂಡು ಅಲ್ಲಿ ಹೋಗಿ ಕೂರುತ್ತಿದ್ದಳಂತೆ. ಯಾಕೆ ಎಂದು ಕೇಳಿದೆ. "ನಿನ್ನ ಅಂಗಿಯ ವಾಸನೆ ಬರ್ತಿತ್ತು" ಅಂದಳು. ಆ ವರ್ಷದ ಬೆಳೆ ಹೋಯಿತು. ಊರೆಲ್ಲ ನಕ್ಕಿತು.

ಇದನ್ನು ನಿನಗೆ ಮೇ ತಿಂಗಳಲ್ಲೇ ಬರೆಯಬೇಕಿತ್ತು. ಬಕೆಟ್ಟು, ಪಂಪು, ಬ್ಯಾಟರಿ ಎಂದು ಓದಿ ಇದು ಬೇರೇನೋ ಬೇಸಾಯ ಎಂದುಕೊಂಡೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಈಗ ಬರೆಯುತ್ತಿದ್ದೇನೆ.

ಒಂದು ದಿನ ಶಾಲೆಯಿಂದ ಬೇಗ ಬಾ. ನೋಡು. ದಮ್ಮಯ್ಯ, ಅವಳನ್ನು ಬಯ್ಯಬೇಡ.

ಅಪ್ಪ

ಮದರ್‌ವೆಲ್
೧೩ ಆಗಸ್ಟ್

ಅಪ್ಪ,

ಶುಕ್ರವಾರ ಹನ್ನೊಂದಕ್ಕೆ ಬಂದೆ. ಹಿಂದಿನ ಕೋಣೆಯ ಬಾಗಿಲಿಗೆ ತುರುಕಿದ ಬಟ್ಟೆಯನ್ನು ಅಚ್ಚುಕಟ್ಟಾಗಿ ಮಡಿಸಿ ಪಕ್ಕಕ್ಕೆ ಇಟ್ಟಿದ್ದಳು. ಒಳಗೆ ಒಂದು ಖಾಲಿ ಬಕೆಟ್ಟು ಬೋರಲು ಹಾಕಿ ಕೂತಿದ್ದಾಳೆ, ಆ ಬಲ್ಬು ಮುಷ್ಟಿಯಲ್ಲಿ ಉರಿಯುತ್ತಿದೆ. ಅಷ್ಟು ದೂರ ಹೇಗೆ ನಡೆದಳೋ. ಗಿಡಗಳಿಗೆ ಹೇಳುತ್ತಿದ್ದಳು: "ಹುಡುಗಿ ಬೆಳಗ್ಗೆ ಏನೂ ತಿನ್ನದೆ ಹೋಗ್ತಾಳೆ. ನೀನು ಒಂದು ಮಾತು ಹೇಳು. ನನ್ನ ಮಾತು ಕೇಳಲ್ಲ ಅವಳು." ನಿನಗೆ ಹೇಳುತ್ತಿದ್ದಳು, ಅಪ್ಪ.

ನಾನು ಬಯ್ಯಲಿಲ್ಲ. ಬಾಗಿಲ ಹೊರಗೆ ನೆಲದ ಮೇಲೆ ಕೂತುಬಿಟ್ಟೆ. ನನ್ನನ್ನು ನೋಡಿ ಅವಳು ಬಲ್ಬು ಬಿಟ್ಟಳು. ಕತ್ತಲಾಯಿತು. ಆ ಕತ್ತಲೆಯಲ್ಲೇ "ನಾನೇ ಕೆಡಿಸಿದ್ದಾ?" ಎಂದು ಕೇಳಿದಳು. ಇಲ್ಲ ಅವ್ವ, ಬೀಜ ಸರಿಯಿರಲಿಲ್ಲ ಅಂದೆ. ನಿನ್ನ ಮೇಲೆ ಹಾಕಿದೆ, ಕ್ಷಮಿಸು.

ಬೀಜ ಉದುರಿಸಿ ಉಳಿದದ್ದನ್ನು ಕಾಸಿ ಕೊಟ್ಟೆ. ಒಂದು ಗಂಟೆ ಮಲಗಿದಳು, ಮತ್ತೆ ಹೊದಿಕೆ ಕಚ್ಚಿದಳು. ಹೊಸದಾಗಿ ಬಿತ್ತಿದರೆ ಗಿಡಕ್ಕೆ ಹದಿನಾಲ್ಕು ವಾರ ಬೇಕು. ಮನೆಗೆ ಬರುವ ನರ್ಸು ಅವ್ವನಿಗೆ ನಾಲ್ಕು ವಾರ ಎಂದಿದ್ದಾಳೆ. ಬಾಗಿಲಿಗೆ ಬೀಗ ಹಾಕಬಹುದು. ಹಾಕಿ ಏನು ಮಾಡಲಿ? ಇಷ್ಟು ದಿನ ಯಾವ ದೀಪ, ಎಷ್ಟು ಗಂಟೆ ಎಂದು ಓಡಾಡುತ್ತಿದ್ದಾಗ ಒಂದು ಕೆಲಸವಾದರೂ ಇತ್ತು. ಈಗ ಶಾಲೆಯಿಂದ ಮನೆಗೆ ಬರಲು ಭಯವಾಗುತ್ತದೆ.

ನಿನ್ನನ್ನು ಒಂದು ದಿನಕ್ಕೆ ಬಿಡುತ್ತಾರೇನೋ ಕೇಳು. ಹೆಡ್‌ಮಾಸ್ತರರ ಹತ್ತಿರ ನನ್ನ ಅಪ್ಪ ಇದ್ದಾನೆ, ಜೈಲಿನಲ್ಲಿದ್ದಾನೆ ಎಂದು ಹೇಳಿ ಶಿಫಾರಸು ಪತ್ರ ಬರೆಸಿದ್ದೇನೆ. ಇದರ ಜೊತೆಗಿದೆ.

ನೊಜುಕೊ

ಜೈಲಿನಿಂದ
೨೩ ಆಗಸ್ಟ್

ಮಗಳೇ,

ಬಿಡುವುದಿಲ್ಲವಂತೆ. ಸಾಯುತ್ತಿರುವವರನ್ನು ನೋಡಲು ರಜೆಯಿಲ್ಲ, ಮಣ್ಣಿಗೆ ಮಾತ್ರ ಕೇಳಬಹುದು ಅಂದರು. ಹೇಳಿದವನು ಚಿಕ್ಕ ವಯಸ್ಸಿನವನು, ಹೇಳುವಾಗ ಕಾಗದ ನೋಡುತ್ತಿದ್ದ. ನಾನು ಅವನ ಮೇಜಿನ ಮುಂದೆ ಮೊಣಕಾಲೂರಿದೆ, ನೊಜುಕೊ. ಅರವತ್ತಮೂರು ವರ್ಷದಲ್ಲಿ ಯಾರ ಮುಂದೆಯೂ ಊರಿರಲಿಲ್ಲ. ಮಕಾಲಿಮಾ ಬಂದು ಎಬ್ಬಿಸಿದ.

ಈಗ ದೀಪದ ಮಾತು. ಹಳದಿಯದನ್ನು ತಾ. ಗಿಡಕ್ಕಲ್ಲ, ಅವಳಿಗೆ. ಅದಕ್ಕೆ ಹನ್ನೆರಡು ಗಂಟೆಯ ನಿಯಮವಿಲ್ಲ, ಕರೆಂಟ್ ಇರುವಷ್ಟು ಹೊತ್ತೂ ಉರಿಸು. ಒಂದು ಗಿಡವನ್ನು ವಾಸನೆಗೆ ಉಳಿಸಿಕೊ. ಮೊದಲು ಬೆನ್ನಿಗೆ ಬಿಸಿಲು ಬೀಳುವ ಹಾಗೆ ಕೂರಿಸು, ಅವಳು ಯಾವಾಗಲೂ ಹಾಗೆಯೇ ಕೂತು ಜೋಳ ಬಿಡಿಸುತ್ತಿದ್ದಳು. ಮೈ ಬೆಚ್ಚಗಾದ ಮೇಲೆ ಆ ಸಿರಪ್ ಕೊಟ್ಟು ನೋಡು. ನರ್ಸಿಗೆ ಹೇಳಿ ಕಡಿಮೆ ಮಾಡಿಸಿ ಕೊಡು. ಬಿಸಿಲಿನಲ್ಲಿ ಕೂತಿದ್ದಾಗ ಅವಳು ಯಾರ ಮಾತಿಗೂ ಇಲ್ಲ ಅನ್ನುವುದಿಲ್ಲ. ನನ್ನನ್ನು ಒಪ್ಪಿಕೊಂಡದ್ದೂ ಅಂಥ ಹೊತ್ತಿನಲ್ಲೇ.

ಇನ್ನೊಂದು. ಹೊತ್ತು ಮುಳುಗಿದಾಗ "ದನ ಬಂತಾ" ಎಂದು ಕೇಳುತ್ತಾಳೆ. ಮೂವತ್ತು ವರ್ಷ ಕೇಳಿದ್ದಾಳೆ. ಬಂತು ಅನ್ನು. ಬಂದಿರದಿದ್ದರೂ ನಾನು ಬಂತು ಅಂದುಬಿಡುತ್ತಿದ್ದೆ, ಆಮೇಲೆ ಹೋಗಿ ಹುಡುಕಿಕೊಂಡು ಬರುತ್ತಿದ್ದೆ. ಅವಳು ನಿಶ್ಚಿಂತೆಯಾಗಿ ಮಲಗುತ್ತಿದ್ದಳು.

ಅಪ್ಪ

ಮದರ್‌ವೆಲ್
೭ ಸೆಪ್ಟೆಂಬರ್, ಗುರುವಾರ

ಅಪ್ಪ,

ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ನಿಮ್ಮಲ್ಲಿಗೆ ಪ್ರಾರ್ಥನೆಗೆ ಬರುವ ಪಾದ್ರಿಗಳ ಕೈಯಲ್ಲಿ ಕೊಟ್ಟಿದ್ದೇನೆ. ಅವರ ಮುಖ ನೋಡಿದಾಗಲೇ ನಿನಗೆ ತಿಳಿದಿರುತ್ತದೆ. ಅವ್ವ ಮಂಗಳವಾರ ಸಂಜೆ ಹೋದಳು.

ಡಿಯೋನ್ ಬಿಳಿ ದೀಪ ವಾಪಸ್ ತೆಗೆದುಕೊಂಡು ಹಳದಿಯದನ್ನು ಕೊಟ್ಟ. ತಾನೇ ಬಂದು ಅವಳ ಮಂಚದ ಮೇಲೆ ತೂಗುಹಾಕಿದ. "ಅಮ್ಮಾ, ಈ ಸಲ ಗಿಡ ನೀವೇ" ಅಂದ. ಏಳು ದಿನ ಅದರ ಕೆಳಗೆ ಇದ್ದಳು. ಮೊದಲ ದಿನ ಬೆನ್ನು ಕೊಟ್ಟು ಕೂತಳು, ಆಮೇಲೆ ಕೂರಲಾಗದೆ ಮಗ್ಗುಲಾದಳು. ಸ್ವಲ್ಪ ಹೊತ್ತಾದ ಮೇಲೆ "ಈಗ ಈ ಕಡೆ" ಅನ್ನುತ್ತಿದ್ದಳು, ತಿರುಗಿಸುತ್ತಿದ್ದೆ. ಕಾಲುಚೀಲ ತೆಗೆಸಿದಳು. ನೀನು ಹೇಳಿದ ಹಾಗೆ ಸಿರಪ್ ಕುಡಿದಳು, ವಾಂತಿಯಾಗಲಿಲ್ಲ. ನೋವು ಹೋಗಲಿಲ್ಲ. ಹೊದಿಕೆ ಕಚ್ಚುವುದು ಮಾತ್ರ ಬಿಟ್ಟಳು. ಒಂದು ದಿನ ಕಣ್ಣು ಮುಚ್ಚಿಕೊಂಡೇ, ನದಿಯಾಚೆ ಯಾರೋ ಹುಲ್ಲಿಗೆ ಬೆಂಕಿ ಹಾಕಿದ್ದಾರೆ ಅಂದಳು. ಏಪ್ರಿಲ್‌ನಲ್ಲೇ ಈ ದೀಪ ತರಬೇಕಿತ್ತು, ಅಪ್ಪ. ಅವಳು ಕೇಳಿದ್ದಳು. ಇದನ್ನು ನಾನು ಸಾಯುವವರೆಗೆ ಹೊರಬೇಕು.

ಮಂಗಳವಾರ ಆರು ಗಂಟೆಗೆ ನಮ್ಮ ಬೀದಿಯ ಲೋಡ್ ಶೆಡ್ಡಿಂಗ್. ದೀಪ ಒಮ್ಮೆಗೇ ಹೋಯಿತು. ಚಾರ್ಜಿನ ಬಲ್ಬು ಅವಳ ಕಣ್ಣಿಗೆ ಚುಚ್ಚುತ್ತದೆಂದು ನಾನು ಹಿಂದಿನ ದಿನವೇ ತೆಗೆದಿಟ್ಟಿದ್ದೆ. ಕತ್ತಲಾದದ್ದಕ್ಕೆ ಅವಳು ಹೆದರಲಿಲ್ಲ. "ಹೊತ್ತು ಮುಳುಗಿತು" ಅಂದಳು. ಬಂತು ಅನ್ನಲು ನಾನು ಬಾಯಿ ತೆರೆದಿದ್ದೆ. ಆದರೆ ಅವಳು ದನದ ಮಾತು ಎತ್ತಲಿಲ್ಲ.

"ನಿಮ್ಮಪ್ಪ ಬಂದನಾ?" ಅಂದಳು.

"ಬಂದ ಅವ್ವ. ಹೊರಗೆ ಕೈಕಾಲು ತೊಳೀತಿದ್ದಾನೆ."

"ಹಾಗಾದ್ರೆ ಬಾಗಿಲು ಹಾಕ್ಬೇಡ" ಎಂದು ನನ್ನ ಕೈ ಹಿಡಿದುಕೊಂಡು ಮಲಗಿದಳು. ಎಂಟೂವರೆಗೆ ಕರೆಂಟ್ ಬಂತು. ಆ ದೀಪ ಪೂರ್ತಿ ಹಳದಿಗೆ ಬರಲು ಹತ್ತು ನಿಮಿಷ ಬೇಕು. ಅಷ್ಟು ಬೆಳಕಾದ ಮೇಲೆ ನನಗೆ ಗೊತ್ತಾಯಿತು.

ಮುಂದಿನ ಶನಿವಾರ, ಹದಿನಾರಕ್ಕೆ, ಊರಿನಲ್ಲಿ ನಿನ್ನ ಹೊಲದ ಮೇಲ್ಭಾಗದಲ್ಲಿ ಮಣ್ಣು ಮಾಡುತ್ತೇವೆ. ಮಣ್ಣಿಗೆ ಕೇಳಬಹುದು ಎಂದಿದ್ದರಲ್ಲ, ಕೇಳು. ಬೇಡಿ ಹಾಕಿ ಕಳಿಸಿದರೆ ಹಾಗೇ ಬಾ, ಸಭೆಯವರು, ಶಾಲೆಯವರು ಎಲ್ಲರೂ ನೋಡಲಿ. ಮತ್ತೆ ಮೊಣಕಾಲೂರಬೇಕಾಗಿ ಬಂದರೆ ಊರು. ಹೇಗಾದರೂ ಬಾ, ಅಪ್ಪ. ನೀನು ಬಂದೆ ಎಂದು ಅವಳಿಗೆ ಹೇಳಿಬಿಟ್ಟಿದ್ದೇನೆ.

ನಿನ್ನ ಮಗಳು
ನೊಜುಕೊ